ಮುಕ್ತಿನಾಥದ ಹಾದಿಯಲ್ಲಿ ಅವಸರ ಬೇಡ

ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಇಳಿಯುವ ಭಾರತೀಯ ಪ್ರವಾಸಿ ಮಾಡಬೇಕಾದ ಮೊದಲ ಕೆಲಸವೆಂದರೆ ಕೈಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿಕೊಳ್ಳುವುದು. ಒಂದು ಗಂಟೆಯಲ್ಲ, ಅರ್ಧ ಗಂಟೆಯೂ ಅಲ್ಲ, ಬರೀ ಹದಿನೈದು ನಿಮಿಷ! ಭಾರತದ ಕಾಲಮಾನಕ್ಕೆ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ನೇಪಾಳವು 1986ರಿಂದ ಗೌರೀಶಂಕರ ಪರ್ವತದ ಸಮೀಪ ಹಾದುಹೋಗುವ 86.25 ಡಿಗ್ರಿ ರೇಖಾಂಶವನ್ನು ತನ್ನ ಆಧಾರವಾಗಿಸಿಕೊಂಡಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ವ್ಯತ್ಯಾಸವಾದ 3.75 ಡಿಗ್ರಿಯನ್ನು ನಾಲ್ಕರಿಂದ ಗುಣಿಸಿದರೆ ಹದಿನೈದು ನಿಮಿಷ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಭೂಗೋಳದ ಲೆಕ್ಕ ಇಲ್ಲಿ ಮಣಿಕಟ್ಟಿನ ಮೇಲೆ ಕುಳಿತುಬಿಡುತ್ತದೆ.

ಗಡಿಯಾರವನ್ನೇನೋ ಹೀಗೆ ಕ್ಷಣಮಾತ್ರದಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ನೇಪಾಳದ ಬೆಟ್ಟಗಳಿಗೆ ಮನುಷ್ಯನ ದೇಹವನ್ನು ಅಷ್ಟು ಬೇಗ ಹೊಂದಿಸಲಾಗದು. ರಜೆಯಲ್ಲಿ ಮಕ್ಕಳು, ಹಿರಿಯರ ಸಮೇತ ಮುಕ್ತಿನಾಥಕ್ಕೆ ಹೊರಡುವ ಕುಟುಂಬಗಳು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದು.

ಹೊರಡುವ ಮುನ್ನ

ನೇಪಾಳ ಪ್ರವೇಶಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರ ಬಳಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇರಲೇಬೇಕು. ಆಧಾರ್ ಕಾರ್ಡ್ ಒಂದೇ ಸಾಕೆಂದುಕೊಂಡವರು ವಿಮಾನ ನಿಲ್ದಾಣದಿಂದಲೇ ಹಿಂತಿರುಗಬೇಕಾದೀತು. 15 ವರ್ಷದೊಳಗಿನ ಮಕ್ಕಳಿಗೆ ಹಾಗೂ 65 ದಾಟಿದ ಹಿರಿಯರಿಗೆ ಮಾತ್ರ ಭಾವಚಿತ್ರ ಮತ್ತು ವಯಸ್ಸು ತೋರಿಸುವ ಆಧಾರ್‌ನಂಥ ದಾಖಲೆ ನಡೆಯುತ್ತದೆ. 15ರಿಂದ 18 ವರ್ಷದ ವಿದ್ಯಾರ್ಥಿಗಳಿಗೆ ಶಾಲಾ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರಕ್ಕೂ ಅವಕಾಶವಿದೆ. ಪಾಸ್‌ಪೋರ್ಟ್ ಇದ್ದರೆ ಯಾವ ಚಿಂತೆಯೂ ಇಲ್ಲ. ನಿಯಮಗಳು ಬದಲಾಗುವುದುಂಟು, ಟಿಕೆಟ್ ತೆಗೆಯುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಜಾಣತನ.

ಹಣದ ಲೆಕ್ಕ ಸುಲಭ. 1993ರಿಂದಲೂ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಆದರೆ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳ ವಿಷಯದಲ್ಲಿ 2016ರ ನಂತರ ನಿಯಮಗಳು ಹಲವು ಬಾರಿ ಬದಲಾಗಿವೆ. ನೂರರ ನೋಟುಗಳನ್ನು ಒಯ್ಯುವುದೇ ಕ್ಷೇಮ.

ಅಲ್ಲಿನ ಪತ್ರಿಕೆಯ ಮೇಲಿನ ಇಸವಿ ಕಂಡು ಮಕ್ಕಳು ಕಕ್ಕಾಬಿಕ್ಕಿಯಾಗಬಹುದು. ವಿಕ್ರಮ ಸಂವತ್ ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದಿದೆ. ವಾರದ ರಜೆ ಶನಿವಾರ. ಆ ಶನಿವಾರದ ರಜೆಯೇ ಒಮ್ಮೆ ಅಸಂಖ್ಯ ಮಕ್ಕಳ ಜೀವ ಉಳಿಸಿತು. 2015ರ ಏಪ್ರಿಲ್ 25ರಂದು ಮಧ್ಯಾಹ್ನಕ್ಕೆ ಕೆಲವೇ ನಿಮಿಷಗಳಿರುವಾಗ 7.8ರ ಪ್ರಮಾಣದ ಭೂಕಂಪ ಸಂಭವಿಸಿ ಸುಮಾರು 9,000 ಜನ ಸತ್ತರು. ಸಾವಿರಾರು ಶಾಲಾ ಕೊಠಡಿಗಳು ನೆಲಕ್ಕುರುಳಿದವು. ಅಂದು ಶನಿವಾರವಾದ್ದರಿಂದ ಬೆಂಚುಗಳ ಮೇಲೆ ಮಕ್ಕಳಿರಲಿಲ್ಲ.

ಕಠ್ಮಂಡುವಿನ ಪಶುಪತಿನಾಥ ದೇಗುಲದಲ್ಲಿ ಕನ್ನಡಿಗರಿಗೆ ಒಂದು ಅಚ್ಚರಿ ಕಾದಿರುತ್ತದೆ. ಇಲ್ಲಿ ಮೂಲಲಿಂಗದ ಪೂಜೆ ನಡೆಸುವವರು ದಕ್ಷಿಣ ಭಾರತದಿಂದ ಬಂದ ಭಟ್ಟರು. ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಇದು ಬಹುಕಾಲದಿಂದ ನಡೆದುಬಂದ ಪದ್ಧತಿ.

ಗಾಳಿಯ ಕಣಿವೆ

ಕಠ್ಮಂಡುವಿನಿಂದ ಪೋಖರಾಕ್ಕೆ ಬಂದರೆ ಎತ್ತರ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 820 ಮೀಟರ್, ಅಂದರೆ ಬೆಂಗಳೂರಿಗಿಂತ ತುಸು ಕಡಿಮೆ. ಫೇವಾ ಸರೋವರದ ದಡದಲ್ಲಿ ನಿಂತರೆ ಮೀನಿನ ಬಾಲದಂತೆ ಇಬ್ಭಾಗವಾದ ಮಾಛಾಪುಛ್ರೆ ಶಿಖರ ಕಣ್ಣೆದುರಿಗೇ ಏಳುತ್ತದೆ. ಇದರ ಎತ್ತರ 6,993 ಮೀಟರ್. 1957ರಲ್ಲಿ ಬ್ರಿಟಿಷ್ ತಂಡವೊಂದು ಶಿಖರದ ಸಮೀಪದವರೆಗೆ ಏರಿ, ಸ್ಥಳೀಯರ ನಂಬಿಕೆಗೆ ಗೌರವ ಕೊಟ್ಟು ತುದಿ ಮುಟ್ಟದೆ ಹಿಂತಿರುಗಿತು. ನಂತರ ಈ ಪರ್ವತಾರೋಹಣಕ್ಕೆ ಅನುಮತಿಯನ್ನೇ ಕೊಟ್ಟಿಲ್ಲ.

ಪೋಖರಾದಿಂದ ಜೋಮ್‌ಸೋಮ್‌ಗೆ ಪುಟ್ಟ ವಿಮಾನದಲ್ಲಿ ಇಪ್ಪತ್ತು ನಿಮಿಷ. ಎಡಕ್ಕೆ 8,167 ಮೀಟರಿನ ಧವಳಗಿರಿ, ಬಲಕ್ಕೆ 8,091 ಮೀಟರಿನ ಅನ್ನಪೂರ್ಣ. ನಡುವೆ ಕಾಳಿಗಂಡಕಿ ನದಿಯ ಆಳವಾದ ಕಣಿವೆ. ಈ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ. ಕಾರಣ ಗಾಳಿ. ಬಿಸಿಲೇರಿದಂತೆ ಉತ್ತರದ ಬೋಳು ಪ್ರಸ್ಥಭೂಮಿ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ತಗ್ಗಿನ ಗಾಳಿ ಇಕ್ಕಟ್ಟಾದ ಕಣಿವೆಯ ಮೂಲಕ ನುಗ್ಗುತ್ತದೆ. ಹತ್ತು, ಹನ್ನೊಂದು ಗಂಟೆಯ ನಂತರ ಜೋಮ್‌ಸೋಮ್‌ನ ಬೀದಿಯಲ್ಲಿ ತಲೆಯ ಮೇಲೆ ಟೋಪಿ ನಿಲ್ಲುವುದು ಕಷ್ಟ. ವಿಮಾನ ರದ್ದಾಯಿತೆಂದು ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಪ್ರವಾಸದ ಯೋಜನೆಯಲ್ಲಿ ಕನಿಷ್ಠ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಬೇನಿಯ ಮೂಲಕ ರಸ್ತೆಯೂ ಇದೆ. ಮೈಕೈ ನೋಯಿಸುವ ಹಾದಿಯಾದರೂ ಮೆಲ್ಲಗೆ ಎತ್ತರಕ್ಕೆ ಒಯ್ಯುವುದರಿಂದ ದೇಹಕ್ಕೆ ಅದೇ ಹಿತ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯವಿರುವುದರಿಂದ ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್ ಒಳ್ಳೆಯ ಕಾಲ. ಪೋಖರಾ ಬಳಿಯ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಬೆಟ್ಟಸಾಲಿನ ಮರೆಯಲ್ಲಿರುವ ಜೋಮ್‌ಸೋಮ್‌ನಲ್ಲಿ 300 ಮಿಲಿಮೀಟರಿನ ಆಸುಪಾಸು. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಅಂತರ ಬಲ್ಲವರಿಗೆ ಮಳೆನೆರಳಿನ ಈ ಪಾಠ ಹೊಸದಲ್ಲ.

ಕಡಲು ಬೆಟ್ಟವಾದ ಕಥೆ

ಕನ್ನಡನಾಡಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ತವರು ಇದೇ ಕಾಳಿಗಂಡಕಿ. ಭಕ್ತರು ವಿಷ್ಣುಚಕ್ರವನ್ನು ಕಾಣುವ ಆ ಸುರುಳಿ, ವಿಜ್ಞಾನದ ದೃಷ್ಟಿಯಲ್ಲಿ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ ಇಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಅದರ ತಳದ ಕೆಸರಿನಲ್ಲಿ ಹೂತ ಚಿಪ್ಪುಗಳು ಕಲ್ಲಾದವು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದಾಗ ಕಡಲತಳವೇ ಮಡಚಿ ಮೇಲೆದ್ದಿತು. ಭಾರತ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. 2015ರ ಭೂಕಂಪಕ್ಕೂ ಈ ತಳ್ಳಾಟವೇ ಕಾರಣ. ಸಾಲಿಗ್ರಾಮವನ್ನು ಎತ್ತಿದ ಬಲವೇ ಶಾಲೆಗಳನ್ನೂ ಕೆಡವಿತು.

ಈ ಪ್ರದೇಶವು ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಸೇರಿದೆ. ಪ್ರವೇಶಕ್ಕೆ ಪರವಾನಗಿ ಬೇಕು. ಭಾರತವೂ ಸೇರಿದಂತೆ ಸಾರ್ಕ್ ದೇಶದವರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ನದಿಯಿಂದ ಕಲ್ಲುಗಳನ್ನು ಚೀಲ ತುಂಬಿಕೊಳ್ಳುವ ಮುನ್ನ ಅಲ್ಲಿನ ನಿಯಮ ಕೇಳಿ ತಿಳಿಯುವುದು ಒಳಿತು.

ಎತ್ತರದ ಪರೀಕ್ಷೆ

ಮುಕ್ತಿನಾಥ 3,700 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಇದೂ ಒಂದು, ಬೌದ್ಧರಿಗೂ ಪವಿತ್ರ. ಗುಡಿಯ ಹಿಂದೆ ಅರ್ಧವೃತ್ತದಲ್ಲಿ 108 ಧಾರೆಗಳು ಸುರಿಯುತ್ತವೆ. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ನೆಲದೊಳಗಿನ ಅನಿಲದಿಂದ ಪುಟ್ಟ ನೀಲಿ ಜ್ವಾಲೆ ಉರಿಯುತ್ತಿರುತ್ತದೆ.

ಇಷ್ಟು ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆಯಾಗುತ್ತದೆ. ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಅನ್ನ ಬೇಯುವುದು ತಡ. ಕುಡಿಯುವ ನೀರನ್ನು ಮೂರು ನಿಮಿಷ ಕುದಿಸಬೇಕು.

ಈಗ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಂದೆ, ತಾಯಿ, ಎಪ್ಪತ್ತರ ಅಜ್ಜಿ, ಒಂಬತ್ತನೇ ತರಗತಿಯ ಮಗ. ಬೆಳಿಗ್ಗೆ ಪೋಖರಾದಲ್ಲಿ ತಿಂಡಿ ತಿಂದು ವಿಮಾನ ಹತ್ತಿದವರು, ಜೀಪು ಹಿಡಿದು ಮಧ್ಯಾಹ್ನಕ್ಕೆ ಮುಕ್ತಿನಾಥದ ತಪ್ಪಲಿನ ರಾಣಿಪೌವಾ ತಲುಪಿ ಅಲ್ಲೇ ತಂಗುತ್ತಾರೆ. ರಾತ್ರಿ ಹುಡುಗನಿಗೆ ತಲೆ ಸಿಡಿಯುತ್ತದೆ, ವಾಂತಿ ಬಂದಂತಾಗುತ್ತದೆ. ಆತ ಹೇಳುವುದಿಲ್ಲ; ತನ್ನಿಂದ ಅಜ್ಜಿಯ ದರ್ಶನ ತಪ್ಪಬಾರದು. ಅಜ್ಜಿಗೂ ತಲೆಸುತ್ತು. ಆಕೆಯೂ ಹೇಳುವುದಿಲ್ಲ, ತನ್ನಿಂದ ಮೊಮ್ಮಗನ ಪ್ರವಾಸ ಕೆಡಬಾರದು. ಮನೆಯಲ್ಲಿ ಗುಣವೆನಿಸುವ ಈ ಮೌನವೇ ಬೆಟ್ಟದ ಮೇಲೆ ಪ್ರಾಣಕ್ಕೆ ಸಂಚಕಾರ ತರುತ್ತದೆ.

ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಆಗ ಮೇಲೇರುವುದನ್ನು ನಿಲ್ಲಿಸಬೇಕು. ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ, ಕುಳಿತಲ್ಲೇ ಏದುಸಿರು ಬಂದರೆ ಮಿದುಳು ಅಥವಾ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಬೆಳಗಾಗಲೆಂದು ಕಾಯದೆ ತಕ್ಷಣ ಕೆಳಗಿಳಿಸಬೇಕು. ವೈದ್ಯರನ್ನು ಕಾಣಬೇಕು, ಆದರೆ ಇಳಿಯುವುದೇ ಮೊದಲ ಮದ್ದು. ಸಂಶಯವಿದ್ದರೆ ನೆಲದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಸಿ ನೋಡಬಹುದು. ಆಟೋಟದಲ್ಲಿ ಬಹುಮಾನ ಗೆದ್ದ ಹುಡುಗನೆಂಬ ಕಾರಣಕ್ಕೆ ಈ ಕಾಯಿಲೆ ಬಿಡುವುದಿಲ್ಲ.

ತಡೆಯುವ ಉಪಾಯ ಸರಳ. 2,700 ಮೀಟರ್ ಆಸುಪಾಸಿನ ಜೋಮ್‌ಸೋಮ್‌ನಲ್ಲೋ ಸೇಬಿನ ತೋಟಗಳ ಮಾರ್ಫಾದಲ್ಲೋ ಎರಡು ರಾತ್ರಿ ಕಳೆಯಬೇಕು. ಬೆಳಿಗ್ಗೆ ಮುಕ್ತಿನಾಥಕ್ಕೆ ಏರಿ ದರ್ಶನ ಮುಗಿಸಿ, ರಾತ್ರಿಗೆ ಮತ್ತೆ ಇಳಿದುಬಂದು ಮಲಗಬೇಕು. ಮದ್ಯ, ನಿದ್ದೆ ಗುಳಿಗೆ ಕೂಡದು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಎತ್ತರಕ್ಕೆಂದು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನೂ ಅವರ ಸಲಹೆ ಇಲ್ಲದೆ ನುಂಗಬಾರದು. ಅದಕ್ಕಿಂತ ಮುಖ್ಯವಾಗಿ, ಊರಿನಲ್ಲೇ ಎಲ್ಲರೂ ಕುಳಿತು ಒಂದು ಒಪ್ಪಂದಕ್ಕೆ ಬರಬೇಕು: ಯಾರಿಗೇ ತಲೆನೋವು ಬಂದರೂ ಮುಚ್ಚಿಡುವುದಿಲ್ಲ, ಇಳಿಯಬೇಕಾಗಿ ಬಂದರೆ ಯಾರೂ ಯಾರನ್ನೂ ದೂರುವುದಿಲ್ಲ.

ಹವಾಮಾನದ ಮಾತಿಗೂ ಕಿವಿಗೊಡಬೇಕು. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ತೇವ ಎರಡೇ ದಿನದಲ್ಲಿ ಇಲ್ಲಿ ಹಿಮವಾಗಿ ಸುರಿಯಿತು. ಮುಕ್ತಿನಾಥದ ಮೇಲಿನ 5,416 ಮೀಟರಿನ ಥೋರಾಂಗ್ ಕಣಿವೆದಾರಿ ಮತ್ತು ಸುತ್ತಲಿನ ಬೆಟ್ಟಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯ ಸುದ್ದಿ ಹಿಮಾಲಯದ ಪ್ರವಾಸಿಗೂ ಸಂಬಂಧಪಟ್ಟದ್ದೇ.

ದರ್ಶನ ಈ ಸಲ ತಪ್ಪಿದರೆ ಬರುವ ವರ್ಷ ಆದೀತು. ದೇವರ ಪೆಟ್ಟಿಗೆಯ ಸಾಲಿಗ್ರಾಮ ಕಡಲ ತಳದಿಂದ ಆ ಎತ್ತರಕ್ಕೆ ಏರಲು ಕೋಟಿಗಟ್ಟಲೆ ವರ್ಷ ತೆಗೆದುಕೊಂಡಿತು. ಅದನ್ನು ಕಾಣಹೋಗುವ ಮನುಷ್ಯ ಎರಡು ದಿನ ಕಾದರೆ ನಷ್ಟವೇನಿಲ್ಲ.