ಶಟಲ್ ಇಲ್ಲದ ಆಟ

ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತರು. ಮುಹೂರ್ತವಿದ್ದ ದಿನ ಆಟಕ್ಕೆ ರಜೆ. ಛತ್ರ ಖಾಲಿಯಾದೊಡನೆ ಅದೇ ನೆಲದ ಮೇಲೆ ಅಭ್ಯಾಸ. ಅಲ್ಲಿ ಪಳಗಿದ ಕೈ 1980ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಲಿಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿ ಆಲ್ ಇಂಗ್ಲೆಂಡ್ ಕಪ್ ಎತ್ತಿತು. ನಾವು ಬರೆಯುವವರಿಗೋ ಪ್ರತ್ಯೇಕ ಕೋಣೆ ಬೇಕು, ಕಿಟಕಿಯಾಚೆ ಮರ ಬೇಕು, ಮೇಲೆ ಮೂಡು ಬೇರೆ ಬರಬೇಕು. (ಅದು ಬರುವುದು ಸಾಮಾನ್ಯವಾಗಿ ಸಂಪಾದಕರ ಎರಡನೇ ಫೋನಿನ ನಂತರ.)

ಜಾಗದ ಮಾತು ಹಾಗಿರಲಿ. ಬ್ಯಾಡ್ಮಿಂಟನ್ನಿನಲ್ಲಿ ಶ್ಯಾಡೋ ಪ್ರಾಕ್ಟೀಸ್ ಅಂತ ಒಂದಿದೆ. ಕೋರ್ಟಿನಲ್ಲಿ ಹುಡುಗಿಯೊಬ್ಬಳೇ; ಶಟಲ್ ಇಲ್ಲ, ಎದುರಾಳಿಯೂ ಇಲ್ಲ. ಕೋಚ್ ಮೂಲೆಯತ್ತ ಬೆರಳು ತೋರಿಸುತ್ತಾರೆ. ಅವಳು ಹಾರಿಹೋಗಿ, ಮೊಣಕಾಲು ಬಗ್ಗಿಸಿ, ಗಾಳಿಗೆ ರ‍್ಯಾಕೆಟ್ ಬೀಸಿ, ಮತ್ತೆ ನಡುವಿಗೆ ಬಂದು ನಿಲ್ಲಬೇಕು. ಬೀಸುವುದಕ್ಕಿಂತ ಈ ವಾಪಸು ಬರುವುದೇ ಕಷ್ಟ. ಕೋಚ್ ಗದರುವುದೂ ಅಲ್ಲಿಯೇ. ಬೆವರು ನೆಲಕ್ಕೆ ತೊಟ್ಟಿಕ್ಕುತ್ತದೆ. ಪಾಯಿಂಟು ಮಾತ್ರ ಒಂದೂ ಇಲ್ಲ.

ನನ್ನ ತಕರಾರಿರುವುದು ಇಲ್ಲಿ. ಲೆಕ್ಕಕ್ಕೆ ಬಾರದ ಇಂಥ ಆಟ ಬರೆಯುವವರಲ್ಲಿ ತೀರ ಕಡಿಮೆ. ಬರೆದದ್ದೆಲ್ಲ ಅಚ್ಚಾಗಬೇಕು, ತಪ್ಪಿದರೆ ವಾಟ್ಸಾಪಿಗಾದರೂ ಹೋಗಬೇಕು. ಕ್ರಿಕೆಟ್ಟಿನ ನೆಟ್ಸಿನಲ್ಲಿ ಹೊಡೆದ ಬೌಂಡರಿಯನ್ನು ಯಾವ ಸ್ಕೋರರೂ ಬರೆದುಕೊಳ್ಳುವುದಿಲ್ಲ. ನಮ್ಮಲ್ಲಿ ಅದಕ್ಕೆ ಬಿಡುಗಡೆ ಸಮಾರಂಭ, ಉಪ್ಪಿಟ್ಟು, ಅಧ್ಯಕ್ಷರ ಭಾಷಣ! ಬಸ್ಸು ಬ್ರೇಕ್ ಹಾಕಿದಾಗ ನಿಂತ ಜನ ವಾಲುವ ಬಗೆಯನ್ನು ಐದು ಸಾಲಿನಲ್ಲಿ ಬರೆದು, ವಿಶೇಷಣಗಳನ್ನೆಲ್ಲ ಕಿತ್ತು ಇನ್ನೊಮ್ಮೆ ಬರೆದು, ಹಾಳೆಯನ್ನು ಹರಿದುಹಾಕುವವರು ಎಷ್ಟು ಜನ? ಹರಿಯುವುದಕ್ಕೆ ಕೈ ಬರುವುದಿಲ್ಲ ನೋಡಿ.

ಆಟದ ಪಾಠವೆಲ್ಲ ಬರಹಕ್ಕೆ ಒಗ್ಗುತ್ತದೆ ಅಂತಲ್ಲ. ಪಂದ್ಯಕ್ಕೆ ತಾರೀಖಿದೆ, ಅಂಪೈರ್ ಇದ್ದಾರೆ. ಕಾದಂಬರಿ ಮುಗಿಯಿತೆಂದು ಸೀಟಿ ಊದುವವರಿಲ್ಲ. ಜಪಾನಿನ ಹರುಕಿ ಮುರಕಾಮಿ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮೂವತ್ತು ದಾಟಿದ ಮೇಲೆ ಓಡಲು ಶುರುಮಾಡಿ ಮ್ಯಾರಥಾನ್ ಓಟಗಾರರಾದವರು. ಕಾದಂಬರಿ ಬರೆಯುವ ದಿನಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಏಳುತ್ತಾರೆ. ದಿನಕ್ಕೆ ಹತ್ತು ಹಾಳೆ, ಜಪಾನಿ ಲೆಕ್ಕದ ನಾನೂರು ಅಕ್ಷರದವು. ಬರಹ ಓಡದಿದ್ದರೂ ಹತ್ತು ತುಂಬಿಸುತ್ತಾರೆ. ನಾಗಾಲೋಟದಲ್ಲಿದ್ದರೂ ಹತ್ತಕ್ಕೇ ನಿಲ್ಲಿಸುತ್ತಾರೆ. ನಾಳೆಗೆ ಕಾಲು ಉಳಿಸಿಕೊಳ್ಳುವ ಓಟಗಾರನ ಬುದ್ಧಿ ಇದು. ಉಕ್ಕಿ ಬಂದ ದಿನ ರಾತ್ರಿಯಿಡೀ ಬರೆದು ಆಮೇಲೆ ತಿಂಗಳುಗಟ್ಟಲೆ ಪೆನ್ನು ಮುಟ್ಟದ ನಮ್ಮಂಥವರಿಗೆ ಹತ್ತನೆಯ ಹಾಳೆಯಲ್ಲಿ ಏಳುವುದೇ ದೊಡ್ಡ ಶಿಕ್ಷೆ. ನಾಲ್ಕು ಗಂಟೆಯ ವಿಷಯ ನಾನು ಎತ್ತುವುದಿಲ್ಲ. ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಎದ್ದಿರುವವರು ಹಾಲಿನವರೊಬ್ಬರೇ.