ಒಂದು ಗಂಟೆ ಫ್ಲೈಟು, ಏಳು ಗಂಟೆ ದಾರಿ

ಕಳೆದ ವರ್ಷ ಜೂನ್ ತಿಂಗಳು. ಬೆಳಗ್ಗೆ 5.40ಕ್ಕೆ ಅಮ್ಮನ ಫೋನ್. "ನಿಮ್ಮಪ್ಪಂಗೆ ರಾತ್ರಿಯಿಂದ ಎದೆ ನೋವು ಕಣಪ್ಪ. ಕೋಲಾರದ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀವಿ."

ನಮ್ಮೂರು ಮುಳಬಾಗಿಲು. ನಾನು ಕೆಲಸ ಮಾಡೋದು ಮಂಗಳೂರಲ್ಲಿ. ತಮಾಷೆ ಅಂದ್ರೆ ಎರಡೂ ಕಡೆಗೆ ಒಂದೇ ರಸ್ತೆ. ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಬೆಂಗಳೂರು, ಕೋಲಾರ ದಾಟಿ ನಮ್ಮೂರ ಮೇಲೇ ಹೋಗುತ್ತೆ. ಆದರೆ ಮಳೆಗಾಲದ ಶಿರಾಡಿ ಘಾಟಿಯನ್ನು ನಂಬೋ ಹಾಗಿಲ್ಲ. ಫೋನಲ್ಲಿ ಹುಡುಕಿದೆ. 9.10ಕ್ಕೆ ಬೆಂಗಳೂರಿಗೆ ವಿಮಾನ ಇತ್ತು, ಬುಕ್ ಮಾಡಿದೆ. "ಹೆದರಬೇಡಮ್ಮ, ಒಂದು ಗಂಟೆ ಫ್ಲೈಟು ಅಷ್ಟೇ, ಬಂದ್ಬಿಡ್ತೀನಿ" ಅಂದೆ.

ಅದೇ ನಾನು ಮಾಡಿದ ತಪ್ಪು.

ಏಳೂವರೆಗೆ ಬಜ್ಪೆ ನಿಲ್ದಾಣದಲ್ಲಿ ಕೂತಿದ್ದಾಗ ಅಮ್ಮ ಮತ್ತೆ ಫೋನ್ ಮಾಡಿದರು. "ಇಳಿದ್ಯಾ? ಎಲ್ಲಿದ್ದೀಯ?" ನಾನಿನ್ನೂ ವಿಮಾನ ಹತ್ತಿರಲಿಲ್ಲ. ಆಗ ವಿಷಯ ಗೊತ್ತಾಯ್ತು: ಅಪ್ಪನಿಗೆ ಸ್ಟೆಂಟ್ ಹಾಕಬೇಕು, ತಡ ಮಾಡೋದು ಬೇಡ ಅಂತ ಡಾಕ್ಟರ್ ಹೇಳಿದ್ದರಂತೆ. ಅಮ್ಮ ಮಾತ್ರ, "ಮಗ ಇನ್ನೊಂದು ಗಂಟೇಲಿ ಬರ್ತಾನೆ, ಅವನು ಬಂದು ಸಹಿ ಹಾಕ್ತಾನೆ" ಅಂತ ಕಾಯ್ತಾ ಕೂತಿದ್ದರು. ನನ್ನ ಕೈಕಾಲು ತಣ್ಣಗಾಯ್ತು.

ಮಂಗಳೂರು-ಬೆಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಗಂಟೆಗೆ 800 ಕಿ.ಮೀ. ಓಡುವ ಜೆಟ್‌ಗೆ ಲೆಕ್ಕದ ಪ್ರಕಾರ ಇಪ್ಪತ್ತಮೂರು ನಿಮಿಷ ಸಾಕು. ಆದರೆ ಆ ವೇಗ ಸಿಗೋದು ಮೇಲೆ ಹೋದ ಮೇಲೆ. ಇಷ್ಟು ಹತ್ತಿರದ ದಾರಿಯಲ್ಲಿ ಹೆಚ್ಚಿನ ಹೊತ್ತು ಏರೋದು, ಇಳಿಯೋದರಲ್ಲೇ ಮುಗಿಯುತ್ತೆ. ರನ್‌ವೇವರೆಗೆ ಹೋಗೋದು, ಇಳಿದು ಜಾಗಕ್ಕೆ ಬಂದು ನಿಲ್ಲೋದು ಎಲ್ಲ ಸೇರಿ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಬರುತ್ತೆ. ಮನೆಯಿಂದ ನಿಲ್ದಾಣ, ಸೆಕ್ಯುರಿಟಿ ಸಾಲು, ದೇವನಹಳ್ಳಿಯಿಂದ ಹೊಸಕೋಟೆ ಮೇಲೆ ಕೋಲಾರದ ಟ್ಯಾಕ್ಸಿ, ಇದ್ಯಾವುದೂ ಆ ಟಿಕೆಟ್‌ನಲ್ಲಿ ಇರಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದೆಲ್ಲ ಗೊತ್ತಿತ್ತು. ಅಮ್ಮನಿಗೆ ಹೇಳಿರಲಿಲ್ಲ, ಅಷ್ಟೇ.

"ಅಮ್ಮ, ನಾನು ಬರೋದು ಮಧ್ಯಾಹ್ನ ಆಗುತ್ತೆ. ಕಾಯಬೇಡ, ನೀನೇ ಒಪ್ಪಿಗೆ ಕೊಡು" ಅಂದೆ. ಅಮ್ಮ ಅಳೋಕೆ ಶುರು ಮಾಡಿದರು. ಶ್ರೀನಿವಾಸಪುರದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮಾವಿನ ಸೀಸನ್ನು, ಮಂಡಿಯಲ್ಲಿ ಲೋಡ್ ಇಳಿಸ್ತಾ ಇದ್ದರು. ಎಲ್ಲ ಹಾಗೇ ಬಿಟ್ಟು ಬೈಕ್ ಹತ್ತಿ ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದರು. ಸಹಿ ಹಾಕಿದ್ದು ಅವರೇ.

ನಾನು ತಲುಪಿದಾಗ 12.40. ಅಮ್ಮನ ಫೋನ್ ಬಂದು ಸರಿಯಾಗಿ ಏಳು ಗಂಟೆ ಆಗಿತ್ತು. ಅಪ್ಪ ಐಸಿಯುನಲ್ಲಿ ಕಣ್ಣು ಬಿಟ್ಟು, "ಒಂದು ಗಂಟೆ ಅಂದಿದ್ದೆ?" ಅಂದರು. ನಗ್ತಾ ಇದ್ರೋ ಬೈತಾ ಇದ್ರೋ ಗೊತ್ತಾಗಲಿಲ್ಲ.

ಈಗ ಚಿಕ್ಕಪ್ಪನ ನಂಬರ್ ಅಮ್ಮನ ಫೋನಿನಲ್ಲಿ ಮೊದಲನೇದು. ನನ್ನದು ಎರಡನೇದು. ಮೊದಮೊದಲು ಬೇಜಾರಾಗಿತ್ತು, ಈಗಿಲ್ಲ. ನೀವೂ ಅಪ್ಪ ಅಮ್ಮನಿಂದ ದೂರ ಇದ್ದರೆ ಮನೆ ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು ಅಂತ ಒಮ್ಮೆ ಲೆಕ್ಕ ಹಾಕಿ, ಅವರಿಗೆ ಅದನ್ನೇ ಹೇಳಿ. ಅಷ್ಟು ಹೊತ್ತು ಅವರ ಜೊತೆ ಯಾರಿರ್ತಾರೆ ಅನ್ನೋದನ್ನೂ ಇವತ್ತೇ ಮಾತಾಡಿಕೊಳ್ಳಿ.