ಮಗನಿಗೊಂದು ಊರು

ಊರು ಬಿಡುವುದು ಗದಗ ಸೀಮೆಯ ಜನಕ್ಕೆ ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ; ದುಡಿಮೆಯನ್ನು ಅರಸಿ ಜನ ಗೋವೆಗೋ ಮಂಗಳೂರಿಗೋ ಹೊರಡುತ್ತಾರೆ. ನೌಕರಿಯವರಿಗೆ ವರ್ಗಾವಣೆ ತಪ್ಪದು. ಹೊಸ ಊರನ್ನು ಆರಿಸುವಾಗ ಅವರು ನೋಡುವುದು ಬಾಡಿಗೆ, ನೀರು, ಶಾಲೆ. ಆದರೆ ಮನೆಯಲ್ಲಿ ಸ್ವಲೀನತೆಯಿರುವ ಹದಿನೈದು ವರ್ಷದ ಮಗನಿದ್ದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸ್ವಲೀನತೆಯನ್ನು ಆಟಿಸಂ ಎಂದು ಕರೆಯುವುದೇ ರೂಢಿ. ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಅದು ವೈದ್ಯಲೋಕದ ಗಮನಕ್ಕೆ ಬಂದಿತು. ಅದು ಅಂಟುವ ಬೇನೆಯಲ್ಲ. ತಾಯಿತಂದೆಯರ ಲಾಲನೆಯ ದೋಷವೂ ಅಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ. ಅಂಥವರಲ್ಲಿ ಕೆಲವರು ಮಾತೇ ಆಡರು. ಕೆಲವರು ಕೇಳಿದ ಮಾತನ್ನೇ ಮರಳಿ ನುಡಿಯುವರು. ಕೆಲವರು ಲೆಕ್ಕದಲ್ಲಿಯೋ ಸಂಗೀತದಲ್ಲಿಯೋ ಇತರರನ್ನು ಮೀರಿಸುವರು. ಬಹುಮಂದಿಗೆ ನಿನ್ನೆ ಇದ್ದಂತೆಯೇ ಇಂದೂ ಇರಬೇಕು. ಇತರರು ಲಕ್ಷ್ಯಕ್ಕೆ ತಂದುಕೊಳ್ಳದ ಕುಕ್ಕರಿನ ಸೀಟಿ ಅವರಲ್ಲಿ ಹಲವರ ಕಿವಿಗೆ ಚುಚ್ಚಿದಂತಾಗುತ್ತದೆ.

ಅಂಥ ಹುಡುಗನಿರುವ ಕುಟುಂಬವೊಂದು ಮುಂಡರಗಿಯಲ್ಲಿದೆಯೆಂದು ಭಾವಿಸೋಣ. ಊರಿನ ಶಾಲೆಯಲ್ಲಿ ಅವನಿಗೆ ಕಲಿಸಬಲ್ಲವರಿಲ್ಲ. ಆಪ್ತರೆಲ್ಲ ಬೆಂಗಳೂರಿನತ್ತ ಕೈ ತೋರಿಸುತ್ತಾರೆ. ಅಲ್ಲಿ ನಿಮ್ಹಾನ್ಸ್ ಇದೆ; ಮೈಸೂರಿಗೆ ಹೋದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಈ ಮಾತು ಸುಳ್ಳಲ್ಲ. ಎಳೆಯ ಮಗುವಾಗಿದ್ದರೆ ತಂದೆ ಮರುದಿನವೇ ಗಂಟುಮೂಟೆ ಕಟ್ಟುತ್ತಿದ್ದ. ಆದರೆ ಮಗ ಈಗ ತಾಯಿಗಿಂತ ಗೇಣುದ್ದ ಎತ್ತರ. ಮೂರು ವರ್ಷದ ಕೂಸು ಬಸ್ಸಿನಲ್ಲಿ ಚೀರಿದರೆ ಜನ ಬಾಳೆಹಣ್ಣು ಕೊಡುತ್ತಾರೆ. ಮೀಸೆ ಚಿಗುರಿದ ಹುಡುಗ ಕಿವಿ ಮುಚ್ಚಿಕೊಂಡು ಚೀರಿದರೆ ಕುಡಿದವನೆಂದು ಕೈಯೆತ್ತುತ್ತಾರೆ. ಗುರುತಿಲ್ಲದ ಊರಿನಲ್ಲಿ ಅದೇ ದೊಡ್ಡ ಭಯ.

ಹಾಗೆಂದು ಹುಟ್ಟಿದ ಊರೆಲ್ಲ ತಾಯಿಮಡಿಲೂ ಅಲ್ಲ. ಗುರುತಿರುವ ಜನವೇ ಹರಕೆ ಹೇಳಿ ಕಾಡುತ್ತಾರೆ. ಅಕ್ಕನಿಗೆ ಬಂದ ವರ ತಮ್ಮನನ್ನು ಕಂಡು ಹಿಂದೆಗೆಯುತ್ತಾನೆ. ನೀರಿನ ಸೆಳೆತವಿರುವ ಹುಡುಗ ಬಾಗಿಲು ತೆರೆದಾಗಲೆಲ್ಲ ಹೊಲದ ಕೃಷಿಹೊಂಡದ ಕಡೆಗೆ ನಡೆದರೆ ಮನೆಯವರಿಗೆ ನಿದ್ದೆಯೆಲ್ಲಿಯದು? ಲಕ್ಷ್ಮೇಶ್ವರದಲ್ಲಿ ಸೋದರಮಾವನ ಮನೆಯಿದೆ. ಸೋಮೇಶ್ವರ ಗುಡಿಯ ತಣ್ಣನೆಯ ಕಂಬಗಳನ್ನು ಸವರುತ್ತ ಹುಡುಗ ಗಳಿಗೆಗಟ್ಟಲೆ ಸುಮ್ಮನಿರುತ್ತಾನೆ. ಆದರೆ ಮಾವನ ಮನೆಯಲ್ಲಿ ಎಷ್ಟು ವರ್ಷ ಇರಲಾದೀತು? ಶಿರಹಟ್ಟಿ ಸಣ್ಣ ಊರು. ಫಕೀರೇಶ್ವರ ಜಾತ್ರೆಯ ಗದ್ದಲವೊಂದು ಕಳೆದರೆ ಹುಡುಗನಿಗೆ ಒಗ್ಗೀತು. ಚಿಕಿತ್ಸೆಗೆ ಮಾತ್ರ ಅಲ್ಲಿಂದಲೂ ಹೊರಗೆ ಹೋಗಬೇಕು.

ಉಳಿದದ್ದು ಗದಗ-ಬೆಟಗೇರಿ. ಮುಂಡರಗಿಯಿಂದ ಸುಮಾರು 40 ಕಿಲೋಮೀಟರು. ಸರಕಾರಿ ವೈದ್ಯಕೀಯ ಕಾಲೇಜು ಅಲ್ಲಿದೆ. ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಸಂಜೆಗೆ ಮರಳಬಹುದು. ತಂದೆಯ ಮನಸ್ಸು ವಾಲಿದ್ದು ಇಷ್ಟರಿಂದಲೇ ಅಲ್ಲ. 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಮತ್ತು ಬಡ ಮಕ್ಕಳನ್ನು ಕಟ್ಟಿಕೊಂಡು ಪಾಠ ಹೇಳುತ್ತ ಊರೂರು ತಿರುಗಿದರು. ಆ ಸಂಚಾರಿ ಪಾಠಶಾಲೆಗೆ ಕಡೆಗೆ ನೆಲೆ ದೊರೆತದ್ದು ಗದಗಿನಲ್ಲಿ. ಅದೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಸ್ವಲೀನತೆಯ ಹುಡುಗನಿಗೆ ಆ ಆಶ್ರಮ ಮದ್ದಲ್ಲ; ತಂದೆಯೂ ಹಾಗೆ ಎಣಿಸಲಿಲ್ಲ. ಕಾಣದ ಮಕ್ಕಳು ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಡೆದಾಗ ದಾರಿ ಬಿಟ್ಟ ಊರು, ಇನ್ನೊಂದು ಬಗೆಯ ಮಗುವಿಗೂ ದಾರಿ ಬಿಡುವುದನ್ನು ಕಲಿತೀತು ಎಂಬುದಷ್ಟೇ ಅವನ ಆಸೆ.

ಅಜ್ಜಿ ಕೇಳಿದ್ದು ಒಂದೇ ಮಾತು: “ಡಾಕ್ಟರ ಹತ್ರ ತಿಂಗಳಿಗೊಮ್ಮೆ ಹೋಗ್ತೀರಿ. ಓಣ್ಯಾಗ ದಿನಾ ಇರಬೇಕಲ್ಲಪಾ. ಹುಡುಗನ್ನ ಹೆಸರು ಹಿಡಿದು ಕರಿಯೋರು ಅಲ್ಲಿ ಯಾರದಾರ?”

ತಾಯಿಯ ಚಿಂತೆ ಇನ್ನೂ ಮುಂದಿನದು: ತಾವಿಬ್ಬರೂ ಇಲ್ಲದ ಮೇಲೆ ಯಾರು? ಸ್ವಲೀನತೆಯನ್ನೂ ಒಳಗೊಂಡ 2016ರ ಹಕ್ಕುಗಳ ಕಾಯ್ದೆಯು, ನಿಗದಿತ ಪ್ರಮಾಣದ ವೈಕಲ್ಯವಿರುವ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಆರಿಸಿದ ವಿಶೇಷ ಶಾಲೆಯಲ್ಲಿ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ಕೊಟ್ಟಿದೆ. ಅನಂತರ ಕಾನೂನುಬದ್ಧ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯಲ್ಲಿ ಸಮಿತಿಯುಂಟು. ಕಾಗದ ದೊರೆಯುತ್ತದೆ. ಕಾಗದ ಅನ್ನ ಬಡಿಸುವುದಿಲ್ಲ ಎಂಬುದು ಅವಳಿಗೆ ಗೊತ್ತು. ಮಗಳ ಮನೆ, ಸೋದರಮಾವನ ಮನೆ ಎರಡೂ ಒಂದು ಗಂಟೆಯ ದಾರಿಯೊಳಗಿರಬೇಕೆಂದು ಅವಳು ಹಟ ಹಿಡಿದದ್ದು ಅದಕ್ಕಾಗಿಯೇ. ಬೆಂಗಳೂರು ಅಲ್ಲಿಗೆ ಬಿದ್ದುಹೋಯಿತು.

ಬೆಟಗೇರಿಯಲ್ಲಿ ಮನೆ ನೋಡಿದರು. ಮಗ್ಗದ ಸದ್ದು ಒಂದೇ ಲಯದ್ದು. ಹುಡುಗ ಅದಕ್ಕೆ ಬೆದರಲಿಲ್ಲ. ಒಮ್ಮೆಲೇ ಸಾಮಾನು ಸಾಗಿಸದೆ ಮೂರು ತಿಂಗಳು ವಾರಕ್ಕೊಮ್ಮೆ ಅವನನ್ನು ಕರೆತಂದರು. ಹೊಸ ಮನೆಯ ಕೋಣೆ, ಬಚ್ಚಲು, ಬಾಗಿಲುಗಳ ಚಿತ್ರ ತೋರಿಸಿದರು. ಅವನ ತಾಟು, ಕೌದಿ, ಮಂಚ ಮೊದಲು ಬಂದವು.

ಕರಾರಿಗೆ ಸಹಿ ಹಾಕುವ ಮುನ್ನ ತಂದೆ ಓಣಿಯನ್ನೆಲ್ಲ ಸುತ್ತಿದ. ಕಿರಾಣಿ ಅಂಗಡಿಯಲ್ಲಿ, ರಿಕ್ಷಾ ನಿಲ್ದಾಣದಲ್ಲಿ ಮಗನ ಹೆಸರು ಹೇಳಿ, ಒಬ್ಬನೇ ಕಂಡರೆ ಹೀಗೆ ಮಾಡಿರೆಂದು ವಿನಂತಿಸಿದ. ಕ್ಷೌರದಂಗಡಿಯಲ್ಲಿ ಅವನಿಗೆ ಮಾತು ತಡೆಯಿತು. ಮಗ ಕೂದಲು ಕತ್ತರಿಸುವ ಯಂತ್ರದ ಗುಂಯ್‌ಗುಡುವಿಕೆಗೆ ಕುರ್ಚಿಯಿಂದ ಜಿಗಿದು ಓಡುವವನು. ಅಂಗಡಿಯವನು ಕೇಳಿಸಿಕೊಂಡು ಹೇಳಿದ: “ಮಷೀನು ಬ್ಯಾಡ ಬಿಡ್ರಿ ಸರ, ಕತ್ತರೀಲೇ ಮಾಡೂಣು. ಬುಧವಾರ ಮುಂಜಾನೆ ಲಗೂನ ಕರ್ಕೊಂಡು ಬರ್ರಿ, ಆಗ ಗಿರಾಕಿ ಯಾರೂ ಇರೂದಿಲ್ಲ.”